ಕಂಪನಿ ಕೈ ಬದಲಾದರೆ ನಮ್ಮ ಮಷಿನ್ ಸ್ಪೇರಿಗೆ ಏನಾಗುತ್ತದೆ?

ಸಾಗರದಲ್ಲಿ ಅಡಿಕೆ ಬೆಳೆಗಾರರು, ಮೆಕ್ಯಾನಿಕ್‌ಗಳು ಮತ್ತು ಅಂಗಡಿಯವರು ಕೂಡಿದ್ದ ಸಭೆಯಲ್ಲಿ ಆಡಿದ ಮಾತುಗಳಿವು. ಬರೆಯುವಾಗ ಅಲ್ಲಲ್ಲಿ ತಿದ್ದಿದ್ದೇನೆ. ಕೊನೆಯಲ್ಲಿ ಬಂದ ಪ್ರಶ್ನೆಗಳನ್ನೂ ಸೇರಿಸಿದ್ದೇನೆ.

ಎಲ್ಲರಿಗೂ ನಮಸ್ಕಾರ. ನಾನು ಶಿವಮೊಗ್ಗದಲ್ಲಿ ಟೂಲ್ಸ್ ಮತ್ತು ಸ್ಪೇರ್ಸ್ ಅಂಗಡಿ ನಡೆಸುತ್ತೇನೆ. ಕಳೆ ಯಂತ್ರ, ಔಷಧಿ ಹೊಡೆಯುವ ಪಂಪು, ಚೈನ್ ಸಾ, ಡ್ರಿಲ್, ಗ್ರೈಂಡರ್, ಇವುಗಳ ಬಿಡಿಭಾಗವೇ ನನ್ನ ವ್ಯಾಪಾರ. ಇಲ್ಲಿ ಕೂತವರಲ್ಲಿ ಸುಮಾರು ಜನ ನನ್ನ ಕೌಂಟರಿಗೆ ಬಂದವರು. ಬೇಕಾದ ಸ್ಪೇರ್ ಸಿಗದೆ ಬರಿಗೈಯಲ್ಲಿ ವಾಪಸ್ ಹೋದವರೂ ಇದ್ದೀರಿ. ಅದರ ಬಗ್ಗೆಯೇ ಮಾತಾಡಬೇಕು ಅಂತ ಬಂದಿದ್ದೇನೆ.

ಸ್ಪೇರ್ ಸಿಗದೆ ಇರುವುದಕ್ಕೆ ಕಾರಣ ಹಲವು ಇರುತ್ತವೆ. ಆದರೆ ಒಂದು ಕಾರಣ ಕೌಂಟರಿನಲ್ಲಿ ನಿಂತವರಿಗೆ ಕಾಣುವುದೇ ಇಲ್ಲ. ಆ ಮಷಿನ್ ಮಾಡಿದ ಕಂಪನಿಯನ್ನೋ, ಅದನ್ನು ಈ ದೇಶಕ್ಕೆ ತರಿಸುತ್ತಿದ್ದ ಕಂಪನಿಯನ್ನೋ ಬೇರೆ ಯಾರೋ ಕೊಂಡಿರುತ್ತಾರೆ. ಪೇಪರಿನ ವಾಣಿಜ್ಯ ಪುಟದಲ್ಲಿ ಅದು ನಾಲ್ಕು ಸಾಲಿನ ಸುದ್ದಿ. ನಮಗೆ ಅದು ಗೊತ್ತಾಗುವುದು ಎಷ್ಟೋ ಸಮಯದ ಮೇಲೆ, ಜುಲೈ ತಿಂಗಳಲ್ಲಿ, ಎರಡನೇ ಸಲ ಅಡಿಕೆಗೆ ಬೋರ್ಡೋ ದ್ರಾವಣ ಹೊಡೆಯಬೇಕು ಅನ್ನುವ ಹೊತ್ತಿಗೆ ಪಂಪು ನಿಂತಾಗ. ಮಳೆ ಒಂದು ದಿನ ಬಿಡುವು ಕೊಟ್ಟಿರುತ್ತದೆ, ಔಷಧಿ ಹೊಡೆಯುವವರು ಕಷ್ಟಪಟ್ಟು ಸಿಕ್ಕಿರುತ್ತಾರೆ, ಮೈಲುತುತ್ತ ನೆನೆಸಿ ಆಗಿರುತ್ತದೆ, ಮತ್ತು ಒಂದು ಸಣ್ಣ ರಬ್ಬರ್ ಸೀಲ್ ಇಡೀ ತೋಟವನ್ನು ಕೊಳೆ ರೋಗಕ್ಕೆ ಬಿಟ್ಟುಕೊಡುತ್ತದೆ.

ವಿಲೀನ ಅಂದರೆ ಮಲೆನಾಡಿನವರಿಗೆ ಹೊಸದೇನಲ್ಲ. 2017ರಲ್ಲಿ ಸ್ಟೇಟ್ ಬ್ಯಾಂಕ್ ಆಫ್ ಮೈಸೂರು ಎಸ್‌ಬಿಐನಲ್ಲಿ ಸೇರಿತು. 2019ರಲ್ಲಿ ವಿಜಯಾ ಬ್ಯಾಂಕು ಬ್ಯಾಂಕ್ ಆಫ್ ಬರೋಡಾ ಪಾಲಾಯಿತು. ಮರುವರ್ಷ ಸಿಂಡಿಕೇಟ್, ಕಾರ್ಪೊರೇಷನ್ ಎರಡೂ ಹೋದವು. ಬೋರ್ಡು ಬದಲಾಯಿತು, ಪಾಸ್‌ಬುಕ್ ಬದಲಾಯಿತು, ಸ್ವಲ್ಪ ದಿನ ಓಡಾಡಿದೆವು. ಆದರೆ ಖಾತೆಯಲ್ಲಿದ್ದ ಸಾವಿರ ರೂಪಾಯಿ ಸಾವಿರವಾಗಿಯೇ ಉಳಿಯಿತು. ಮಷಿನ್ ವಿಷಯದಲ್ಲಿ ಹಾಗಾಗುವುದಿಲ್ಲ. ನೀವು ಇಪ್ಪತ್ತು ಸಾವಿರ ಕೊಟ್ಟು ತಂದ ಕಳೆ ಯಂತ್ರಕ್ಕೆ ನೂರು ರೂಪಾಯಿಯ ಬಿಡಿಭಾಗ ಸಿಗದೆ ಹೋದರೆ ಆ ಇಪ್ಪತ್ತು ಸಾವಿರ ಕೊಟ್ಟಿಗೆ ಮೂಲೆಯ ಕಬ್ಬಿಣ.

ಇದು ಹೇಗೆ ಆಗುತ್ತದೆ ಅಂತ ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಅಂಗಡಿಯವರನ್ನು ಬೈದರೆ ಸಾಲದು, ಕಂಪನಿಯನ್ನು ಬೈದರೂ ಸಾಲದು.

ಸ್ಪೇರ್ ಅಂಗಡಿಯಲ್ಲಿ ಎರಡು ಥರದ ಮಾಲು ಇರುತ್ತದೆ. ಒಂದು ಓಡುವ ಮಾಲು. ಸ್ಪಾರ್ಕ್ ಪ್ಲಗ್, ಬ್ಲೇಡು, ನೈಲಾನ್ ದಾರ, ಆಯಿಲ್, ಬೆಲ್ಟು, ಬೇರಿಂಗ್. ಇವತ್ತು ತಂದರೆ ತಿಂಗಳೊಳಗೆ ಖಾಲಿ. ಇನ್ನೊಂದು ಕೂರುವ ಮಾಲು. ಹಳೇ ಮಾಡೆಲ್ಲಿನ ಕ್ಲಚ್ ಡ್ರಮ್, ಗೇರ್ ಹೆಡ್ಡಿನ ಪಿನಿಯನ್, ಡ್ರಿಲ್ಲಿನ ಆರ್ಮೇಚರ್, ಪಂಪಿನ ವಾಲ್ವ್ ಪ್ಲೇಟು. ಇವು ವರ್ಷಗಟ್ಟಲೆ ಶೆಲ್ಫಿನಲ್ಲಿ ಧೂಳು ಹಿಡಿಯುತ್ತವೆ. ವ್ಯಾಪಾರದ ಲೆಕ್ಕದಲ್ಲಿ ಅವು ದುಡ್ಡು ತಿನ್ನುವ ಮಾಲು. ಆದರೂ ಒಳ್ಳೆಯ ಕಂಪನಿ ಅವನ್ನು ಇಟ್ಟಿರುತ್ತದೆ, ಒಳ್ಳೆಯ ಡೀಲರ್ ಅವನ್ನು ಇಟ್ಟಿರುತ್ತಾನೆ. ಯಾಕೆ? ಹತ್ತು ವರ್ಷದ ಹಿಂದೆ ಮಷಿನ್ ಕೊಂಡ ಗಿರಾಕಿ ಇವತ್ತು ಆ ಪಿನಿಯನ್ ಸಿಕ್ಕಿತು ಅಂದರೆ ಮುಂದಿನ ಮಷಿನ್ನೂ ಇಲ್ಲೇ ಕೊಳ್ಳುತ್ತಾನೆ. ಅವನ ತಮ್ಮನೂ ಇಲ್ಲಿಗೇ ಬರುತ್ತಾನೆ. ಆ ನಂಬಿಕೆಯಿಂದ ಬರುವ ಲಾಭ ಆ ವರ್ಷದ ಲೆಕ್ಕದ ಪುಸ್ತಕದಲ್ಲಿ ಸಿಗುವುದಿಲ್ಲ.

ಈಗ ಹೊರಗಿನವರು ಬಂದು ಕಂಪನಿ ಕೊಳ್ಳುತ್ತಾರೆ ಅಂತ ಇಟ್ಟುಕೊಳ್ಳಿ. ಅನೇಕ ಸಲ ಕೊಳ್ಳುವ ದುಡ್ಡು ಸಾಲದ್ದು. ಹೆಚ್ಚಾಗಿ ಆ ಸಾಲವನ್ನು ಮಾರಾಟವಾದ ಕಂಪನಿಯ ತಲೆಯ ಮೇಲೇ ಹೊರಿಸುತ್ತಾರೆ. ಮೊನ್ನೆಯವರೆಗೆ ಸಾಲವಿಲ್ಲದೆ ನಡೆಯುತ್ತಿದ್ದ ವ್ಯವಹಾರ ಇವತ್ತಿನಿಂದ ಬಡ್ಡಿ ಕಟ್ಟಬೇಕು. ಬಡ್ಡಿಗೆ ದುಡ್ಡು ಎಲ್ಲಿಂದ ಬರಬೇಕು? ಮೊದಲು ಕಣ್ಣಿಗೆ ಬೀಳುವುದು ಗೋಡೌನ್. ಅಲ್ಲಿ ಕೂತಿರುವ ಹಳೇ ಸ್ಪೇರ್ ಅವರಿಗೆ ಸತ್ತ ದುಡ್ಡು. ಆಮೇಲೆ ಊರೂರು ತಿರುಗುವ ಸರ್ವೀಸ್ ಇಂಜಿನಿಯರ್. ಆಮೇಲೆ ಕೌಂಟರಿನಲ್ಲಿ ಇಪ್ಪತ್ತು ವರ್ಷ ನಿಂತ, ಸಂಬಳ ಜಾಸ್ತಿಯಾಗಿರುವ ಮನುಷ್ಯ. ಒಂದೊಂದಾಗಿ ಕಡಿಮೆ ಮಾಡುತ್ತಾರೆ, ಮತ್ತು ಮೊದಲ ವರ್ಷ ಲಾಭ ಏರುತ್ತದೆ, ಯಾಕೆಂದರೆ ಹಳೇ ಸ್ಟಾಕು ಮಾರಿದ ದುಡ್ಡು ಬಂದಿರುತ್ತದೆ ಮತ್ತು ಗಿರಾಕಿಗಳಿಗೆ ಇನ್ನೂ ವಿಷಯ ಗೊತ್ತಾಗಿರುವುದಿಲ್ಲ.

ಡೀಲರಿಗೆ ಬರುವ ಪೆಟ್ಟು ಬೇರೆ. ಉದ್ದರಿ ದಿನಗಳು ಕಡಿಮೆಯಾಗುತ್ತವೆ. ಒಂದು ಸೀಲ್ ಬೇಕು ಅಂದರೆ ಐವತ್ತು ತಗೊಳ್ಳಿ ಅನ್ನುತ್ತಾರೆ. ವರ್ಷಕ್ಕೆ ಇಷ್ಟು ಹೊಸ ಮಷಿನ್ ಎತ್ತಲೇಬೇಕು ಅನ್ನುವ ಟಾರ್ಗೆಟ್ ಬರುತ್ತದೆ. ಹಳೇ ಸ್ಟಾಕು ವಾಪಸ್ ತಗೊಳ್ಳುವುದಿಲ್ಲ. ಶಿವಮೊಗ್ಗಕ್ಕೆ ಡೀಲರ್ ಯಾಕೆ, ಹುಬ್ಬಳ್ಳಿಯಿಂದಲೇ ಕಳಿಸುತ್ತೇವೆ ಅಂತಾರೆ. ಹೊಸನಗರ, ರಿಪ್ಪನ್‌ಪೇಟೆಯ ಸಣ್ಣ ಅಂಗಡಿಯವನ ಕಥೆ ಅಲ್ಲಿಗೇ ಮುಗಿಯಿತು. ಅವನು ನನ್ನ ಹತ್ತಿರ ಎರಡು, ಮೂರು ಪೀಸು ಒಯ್ದು ಇಡುತ್ತಿದ್ದ. ನನಗೇ ಸಿಗದಿದ್ದರೆ ಅವನಿಗೆಲ್ಲಿಂದ ಕೊಡಲಿ?

ಇನ್ನೊಂದು ನಷ್ಟ ಯಾರೂ ಲೆಕ್ಕ ಹಾಕದೆ ಇರುವುದು. ಸ್ಪೇರಿಗೆ ನಂಬರ್ ಇರುತ್ತದೆ ಅಲ್ವಾ? ಆ ನಂಬರ್ ಆಗಾಗ ಬದಲಾಗುತ್ತದೆ. ಹಳೇ ನಂಬರಿನ ಬದಲು ಈ ಹೊಸ ನಂಬರ್ ಬಳಸಿ ಅಂತ ಕಂಪನಿ ಪಟ್ಟಿಯಲ್ಲಿ ಬರೆದಿರುತ್ತಾರೆ. ಹತ್ತು ವರ್ಷದಲ್ಲಿ ಒಂದೇ ಪಿಸ್ಟನ್ನಿಗೆ ಮೂರು ನಂಬರ್ ಬಂದಿರಬಹುದು. ಕಂಪನಿ ಕೈ ಬದಲಾದಾಗ ಹಳೇ ಕಂಪ್ಯೂಟರ್ ವ್ಯವಸ್ಥೆ ತೆಗೆದು ಹೊಸದು ಹಾಕುತ್ತಾರೆ. ಆ ಕೊಂಡಿ ಅಲ್ಲೇ ಕಡಿದುಹೋಗುತ್ತದೆ. ಮಾಲು ಗೋಡೌನಿನಲ್ಲಿ ಇದ್ದರೂ ಪರದೆ ಮೇಲೆ 'ಇಲ್ಲ' ಅಂತ ಬರುತ್ತದೆ. ಅದೇ ಕೌಂಟರಿನ ಹಳೇ ಹುಡುಗ ಇದ್ದಿದ್ದರೆ, ಇದಕ್ಕೆ ಆ ಮಾಡೆಲ್ಲಿಂದು ಹಾಕಬಹುದು ಅಣ್ಣ, ಸ್ಕ್ರೂ ಮಾತ್ರ ಒಂದು ಸೈಜು ದೊಡ್ಡದು ಬೇಕು ಅಂತ ಹೇಳಿ ಕಳಿಸುತ್ತಿದ್ದ.

ನನ್ನದೇ ಅನುಭವ ಒಂದು ಹೇಳುತ್ತೇನೆ, ಹೆಸರು ಬೇಡ. ನಾವು ಮಾರುತ್ತಿದ್ದ ಒಂದು ಕಳೆ ಯಂತ್ರವನ್ನು ತರಿಸುತ್ತಿದ್ದ ಸಂಸ್ಥೆ ಕೈ ಬದಲಾಯಿತು. ಮಾರಿದಾಗ ಹತ್ತು ವರ್ಷ ಸ್ಪೇರ್ ಕೊಡುತ್ತೇವೆ ಅಂದಿದ್ದರು. ಬಾಯಿ ಮಾತು. ಹೊಸಬರು ಬಂದ ಮೇಲೆ ಹಳೇ ಮಾಡೆಲ್ ನಮ್ಮ ಪಟ್ಟಿಯಲ್ಲೇ ಇಲ್ಲ ಅಂದರು. ಗಿರಾಕಿಗಳು ಬಂದಿದ್ದು ನನ್ನ ಹತ್ತಿರ, ಅದು ಸರಿಯೂ ಹೌದು, ದುಡ್ಡು ತಗೊಂಡವನು ನಾನು. ಕೆಲವರಿಗೆ ಬೆಂಗಳೂರು ಎಸ್‌ಪಿ ರೋಡಿನಲ್ಲಿ ಹುಡುಕಿಸಿ ಬಸ್ಸಿನ ಪಾರ್ಸೆಲ್ಲಿನಲ್ಲಿ ತರಿಸಿಕೊಟ್ಟೆ. ಕೆಲವರಿಗೆ ಕೆಟ್ಟ ಮಷಿನ್ ಬಿಚ್ಚಿ ಅದರದ್ದೇ ತೆಗೆದು ಹಾಕಿಸಿದೆ. ಎಲ್ಲರಿಗೂ ಆಗಲಿಲ್ಲ. ಅವತ್ತಿನಿಂದ ನಾನು ಕಂಪನಿಗಳ ಕೊಳ್ಳುವಿಕೆ ಸುದ್ದಿ ಬಿಡದೆ ಓದುತ್ತೇನೆ.

ಓದಿದ್ದರಲ್ಲಿ ಕೆಲವು ಹೇಳಲೇಬೇಕು.

ನಿಮ್ಮಲ್ಲಿ ಬಡಗಿ ಕೆಲಸ, ವೆಲ್ಡಿಂಗ್ ಮಾಡುವವರಿಗೆ ಹಿಟಾಚಿಯ ಹಸಿರು ಡ್ರಿಲ್, ಗ್ರೈಂಡರ್ ಗೊತ್ತು. ಅದನ್ನು ಮಾಡುತ್ತಿದ್ದ ಹಿಟಾಚಿ ಕೋಕಿ ಕಂಪನಿಯನ್ನು 2017ರಲ್ಲಿ ಅಮೆರಿಕದ ಕೆಕೆಆರ್ ಅನ್ನುವ ಹೂಡಿಕೆ ಸಂಸ್ಥೆ ಕೊಂಡಿತು. 2018ರಲ್ಲಿ ಹೆಸರು ಹೈಕೋಕಿ ಆಯಿತು. ಅಮೆರಿಕದಲ್ಲಿ ಅದೇ ಟೂಲಿಗೆ ಇನ್ನೊಂದು ಹೆಸರು, ಮೆಟಾಬೊ ಎಚ್‌ಪಿಟಿ. ಆಗ ಎಷ್ಟೋ ಜನ ಇದು ಡುಪ್ಲಿಕೇಟ್ ಅಂತ ಹೊಸ ಬೋರ್ಡಿನ ಟೂಲ್ ವಾಪಸ್ ಇಟ್ಟು ಹೋಗುತ್ತಿದ್ದರು. ಒಳಗಿನ ಮಷಿನ್ ಅದೇ. ಹೆಸರಿನ ಮೇಲೆ ಕಟ್ಟಿದ ನಂಬಿಕೆಯನ್ನು ಮತ್ತೆ ಮೊದಲಿನಿಂದ ಕಟ್ಟುವ ಕೆಲಸ ಬಿದ್ದಿದ್ದು ಅಂಗಡಿಯವರ ಮೇಲೆ.

ಇದರ ಉಲ್ಟಾ ಕಥೆ ಕ್ರಾಫ್ಟ್ಸ್‌ಮನ್‌ದು. ಅಮೆರಿಕದ ಸಿಯರ್ಸ್ ಅಂಗಡಿಗಳು 1927ರಿಂದ ಮಾರುತ್ತಿದ್ದ ಹೆಸರು ಅದು. ಸ್ಪ್ಯಾನರ್ ಮುರಿದರೆ ಎಷ್ಟು ವರ್ಷವಾದರೂ ಬದಲಿಸಿ ಕೊಡುತ್ತಿದ್ದರು. ಅಪ್ಪ ಕೊಂಡ ಸ್ಪ್ಯಾನರನ್ನು ಮಗ ಒಯ್ದು ಬದಲಿಸಿಕೊಂಡು ಬರುತ್ತಿದ್ದ. 2017ರಲ್ಲಿ ಸಿಯರ್ಸ್ ಆ ಹೆಸರನ್ನು ಸುಮಾರು 90 ಕೋಟಿ ಡಾಲರಿಗೆ ಸ್ಟ್ಯಾನ್ಲಿ ಬ್ಲಾಕ್ ಅಂಡ್ ಡೆಕ್ಕರ್ ಅನ್ನುವ ಟೂಲ್ ಕಂಪನಿಗೆ ಮಾರಿತು, ಆದರೆ ತಾನೂ ಅದೇ ಹೆಸರಿನಲ್ಲಿ ಮಾರುವ ಹಕ್ಕು ಉಳಿಸಿಕೊಂಡಿತು. 2018ರಲ್ಲಿ ಸಿಯರ್ಸ್ ದಿವಾಳಿ ಅರ್ಜಿ ಹಾಕಿತು. 2019ರಲ್ಲಿ ಹೆಸರಿನ ವಿಷಯಕ್ಕೆ ಸ್ಟ್ಯಾನ್ಲಿಯವರು ಸಿಯರ್ಸ್ ಮೇಲೆ ಕೇಸು ಹಾಕಿದರು. ಹೆಸರು ಇವತ್ತಿಗೂ ಅಂಗಡಿಯಲ್ಲಿದೆ. ಹಳೇ ಸ್ಪ್ಯಾನರ್ ಒಯ್ದು ಇಡುತ್ತಿದ್ದ ಆ ಸಿಯರ್ಸ್ ಕೌಂಟರುಗಳು ಬಹುಪಾಲು ಮುಚ್ಚಿವೆ.

ನನಗೆ ಎಲ್ಲಕ್ಕಿಂತ ಜಾಸ್ತಿ ಬೇಜಾರು ಮಾಡಿದ್ದು ಟ್ರೂ ವ್ಯಾಲ್ಯೂ ಕಥೆ. ಇದನ್ನು ನಮ್ಮ ಜಿಲ್ಲೆಯವರು ಗಮನವಿಟ್ಟು ಕೇಳಬೇಕು. ಅಮೆರಿಕದ ಸಾವಿರಾರು ಸಣ್ಣ ಹಾರ್ಡ್‌ವೇರ್ ಅಂಗಡಿಯವರು ಸೇರಿ ಒಂದು ಸಹಕಾರಿ ಮಾಡಿಕೊಂಡಿದ್ದರು. ಒಟ್ಟಿಗೆ ಸಗಟು ಮಾಲು ತರಿಸುವುದು, ಹಂಚಿಕೊಳ್ಳುವುದು. ನಮ್ಮ ಮ್ಯಾಮ್ಕೋಸ್, ಕ್ಯಾಂಪ್ಕೊ ಅಡಿಕೆ ಮಾರುವುದಕ್ಕೆ ಸೇರಿದ ಹಾಗೆ ಅವರು ಮಾಲು ಕೊಳ್ಳುವುದಕ್ಕೆ ಸೇರಿದ್ದರು. 2018ರಲ್ಲಿ ಅದರ ನೂರಕ್ಕೆ 70 ಪಾಲು ಶೇರನ್ನು ಎಕಾನ್ ಅನ್ನುವ ಹೂಡಿಕೆ ಸಂಸ್ಥೆಗೆ ಮಾರಲು ಸದಸ್ಯರೇ ಓಟು ಹಾಕಿದರು. ಕೈಗೆ ಒಂದಿಷ್ಟು ನಗದು ಬಂತು. 2024ರ ಅಕ್ಟೋಬರಿನಲ್ಲಿ ಅದು ದಿವಾಳಿ ಅರ್ಜಿ ಹಾಕಿತು. ಸುಮಾರು 4,500 ಅಂಗಡಿಗಳು ಅದರಿಂದ ಮಾಲು ತರಿಸುತ್ತಿದ್ದವು. ಕೊನೆಗೆ ಅದನ್ನು ಕೊಂಡವರು ಯಾರು ಗೊತ್ತಾ? ಡು ಇಟ್ ಬೆಸ್ಟ್ ಅನ್ನುವ ಇನ್ನೊಂದು ಸಹಕಾರಿ. ಅಂಗಡಿಯವರದ್ದೇ ಆಗಿ ಉಳಿದುಕೊಂಡಿದ್ದ ಸಹಕಾರಿ.

ಎಲ್ಲ ಕೊಳ್ಳುವಿಕೆಯೂ ಕೆಟ್ಟದ್ದು ಅಂತ ನಾನು ಹೇಳುವುದಿಲ್ಲ. ಹೇಳಿದರೆ ಸುಳ್ಳಾಗುತ್ತದೆ. 2007ರಲ್ಲಿ ಮಹೀಂದ್ರ, ಸ್ವರಾಜ್ ಟ್ರ್ಯಾಕ್ಟರ್ ಮಾಡುವ ಪಂಜಾಬ್ ಟ್ರ್ಯಾಕ್ಟರ್ಸ್ ಕಂಪನಿಯನ್ನು ಕೈಗೆ ತಗೊಂಡಿತು. ಸ್ವರಾಜ್ ಹೆಸರು ಉಳಿಯಿತು, ಮೊಹಾಲಿ ಕಾರ್ಖಾನೆ ಉಳಿಯಿತು, ಡೀಲರುಗಳು ಬೇರೆಯಾಗಿಯೇ ಉಳಿದರು. ಇವತ್ತೂ ಸ್ವರಾಜ್ ಸ್ಪೇರಿಗೆ ಯಾರೂ ಪರದಾಡುವುದಿಲ್ಲ. ಅದೇ ವ್ಯಾಪಾರದಲ್ಲಿದ್ದವರು, ಟ್ರ್ಯಾಕ್ಟರನ್ನು ಬಲ್ಲವರು ಕೊಂಡರು. ವ್ಯತ್ಯಾಸ ಅಲ್ಲಿದೆ. ಇತ್ತ ಎಚ್‌ಎಂಟಿ ಟ್ರ್ಯಾಕ್ಟರನ್ನು ಯಾರೂ ಕೊಳ್ಳಲಿಲ್ಲ, 2016ರಲ್ಲಿ ಸರ್ಕಾರ ಮುಚ್ಚಿಬಿಟ್ಟಿತು. ಯಾರೂ ಕೊಳ್ಳದೆ ಹೋಗುವುದೂ ಒಂದು ಅಪಾಯವೇ.

ಪಕ್ಕದ ಭದ್ರಾವತಿ ನೋಡಿ. ವಿಶ್ವೇಶ್ವರಯ್ಯನವರ ಕಾಲದ ಕಬ್ಬಿಣದ ಕಾರ್ಖಾನೆ 1989ರಲ್ಲಿ ಕೇಂದ್ರ ಸರ್ಕಾರದ ಉಕ್ಕಿನ ಕಂಪನಿ ಸೈಲ್ ಕೈಗೆ ಹೋಯಿತು. 2023ರ ಜನವರಿಯಲ್ಲಿ ಮುಚ್ಚುವ ತೀರ್ಮಾನ ಆಗಿದ್ದು ದೂರದ ದೆಹಲಿಯಲ್ಲಿ. ಕಾರ್ಮಿಕರು ಧರಣಿ ಕೂತರು. ತೀರ್ಮಾನ ಮಾಡುವವರು ಎಲ್ಲಿ ಕೂತಿದ್ದಾರೆ ಅನ್ನುವುದು ಸಣ್ಣ ವಿಷಯವಲ್ಲ.

ಹಾಗಾದರೆ ಮಷಿನ್ ಕೊಳ್ಳುವಾಗ ಏನು ನೋಡಬೇಕು? ಬೆಲೆ ನೋಡುತ್ತೀರಿ, ಸರಿ. ಎಷ್ಟು ಸಿಸಿ ಅಂತ ಕೇಳುತ್ತೀರಿ, ಅದೂ ಸರಿ. ಅದರ ಜೊತೆಗೆ, ಬೇರಿಂಗ್ ಯಾವ ನಂಬರಿಂದು ಅಂತ ಕೇಳಿ. ಇದು ವಿಚಿತ್ರ ಪ್ರಶ್ನೆ ಅನ್ನಿಸಬಹುದು. 6203 ಬೇರಿಂಗ್ ಅಂದರೆ ಒಳಗೆ 17 ಮಿಲಿಮೀಟರ್, ಹೊರಗೆ 40, ದಪ್ಪ 12. ಜಗತ್ತಿನಲ್ಲಿ ಯಾರು ಮಾಡಿದರೂ ಅಷ್ಟೇ ಅಳತೆ. ಬೇರಿಂಗ್ ಕಂಪನಿ ಹತ್ತು ಸಲ ಕೈ ಬದಲಾದರೂ ನಿಮಗೆ ತೊಂದರೆ ಇಲ್ಲ, ತೀರ್ಥಹಳ್ಳಿಯಲ್ಲೂ ಸಿಗುತ್ತದೆ. ಬೆಲ್ಟೂ ಹಾಗೆಯೇ, ಎ ಸೆಕ್ಷನ್, ಬಿ ಸೆಕ್ಷನ್ ಅಂತ ಅಳತೆ ಇದೆ. ಮಷಿನ್ ಒಳಗೆ ಇಂಥ ಸಾರ್ವಜನಿಕ ಅಳತೆಯ ಭಾಗ ಎಷ್ಟು ಜಾಸ್ತಿ ಇದೆಯೋ ಅಷ್ಟು ನೀವು ಕ್ಷೇಮ. ಅವರದ್ದೇ ಆಕಾರದ ಪ್ಲಾಸ್ಟಿಕ್ ಗೇರು, ಅವರದ್ದೇ ಬ್ಯಾಟರಿ, ಅವರದ್ದೇ ಸರ್ಕ್ಯೂಟ್ ಇದ್ದಷ್ಟೂ ನೀವು ಆ ಕಂಪನಿಯ ಹಣೆಬರಹಕ್ಕೆ ಕಟ್ಟಿಬಿದ್ದ ಹಾಗೆ. ಬ್ಯಾಟರಿ ಟೂಲ್‌ಗಳ ಬಗ್ಗೆ ನನಗೆ ಭಯ ಇರುವುದು ಇದಕ್ಕೇ. ಮೋಟರ್ ಚೆನ್ನಾಗಿಯೇ ಇರುತ್ತದೆ, ಆ ಬ್ಯಾಟರಿಯ ಆಕಾರ ನಿಲ್ಲಿಸಿದರೆ ಮುಗಿಯಿತು.

ಗದ್ದೆಯಲ್ಲಿ ವಿಎಸ್‌ಟಿ ಟಿಲ್ಲರ್ ನೋಡಿದ್ದೀರಿ. ಬೆಂಗಳೂರಿನಲ್ಲಿ 1967ರಲ್ಲಿ ಶುರುವಾದ ಕಂಪನಿ, ಜಪಾನಿನ ಮಿತ್ಸುಬಿಷಿ ತಂತ್ರಜ್ಞಾನ. ಮಾಡೆಲ್ ವರ್ಷ ವರ್ಷ ಬದಲಾಯಿಸುತ್ತಾ ಕೂರಲಿಲ್ಲ. ಅದಕ್ಕೇ ಹಳ್ಳಿಯ ಮೆಕ್ಯಾನಿಕ್ಕಿಗೂ ಅದು ಬಾಯಿಪಾಠ, ಸಣ್ಣ ಪೇಟೆಯಲ್ಲೂ ಸ್ಪೇರ್ ಸಿಗುತ್ತದೆ. ಒಂದೇ ಥರದ ಮಷಿನ್ ಸುತ್ತಮುತ್ತ ಜಾಸ್ತಿ ಇದ್ದರೆ ಅದೇ ದೊಡ್ಡ ವಿಮೆ. ಫೋರ್ಡ್ ಕಂಪನಿ 1991ರಲ್ಲಿ ಟ್ರ್ಯಾಕ್ಟರ್ ವ್ಯವಹಾರವನ್ನು ಫಿಯಟ್‌ಗೆ ಮಾರಿದ ಮೇಲೆ ಇಲ್ಲಿ ಎಸ್ಕಾರ್ಟ್ಸ್‌ನವರು ಆ ಹೆಸರು ಬಿಟ್ಟು ಫಾರ್ಮ್‌ಟ್ರ್ಯಾಕ್ ಅಂತ ಮಾಡಿದರು. ಆದರೆ ಹಳೇ ಫೋರ್ಡ್ 3600 ಸ್ಪೇರ್ ಇವತ್ತಿಗೂ ಸಿಗುತ್ತದೆ, ಯಾಕೆಂದರೆ ಅಷ್ಟು ಟ್ರ್ಯಾಕ್ಟರ್ ಹೊಲದಲ್ಲಿವೆ, ಮಾಡಿಕೊಡುವ ಸಣ್ಣ ಕಾರ್ಖಾನೆಗಳೂ ಇವೆ.

ಕಾನೂನಿನ ಮಾತು ಚಿಕ್ಕದಾಗಿ ಹೇಳುತ್ತೇನೆ. 2014ರಲ್ಲಿ ನಮ್ಮ ಸ್ಪರ್ಧಾ ಆಯೋಗ 14 ಕಾರು ಕಂಪನಿಗಳಿಗೆ ಸುಮಾರು 2,545 ಕೋಟಿ ರೂಪಾಯಿ ದಂಡ ಹಾಕಿತು. ತಪ್ಪೇನು ಅಂದರೆ ಸ್ಪೇರನ್ನು, ರಿಪೇರಿ ಮಾಹಿತಿಯನ್ನು ಹೊರಗಿನ ಗ್ಯಾರೇಜಿಗೆ ಸಿಗದ ಹಾಗೆ ಹಿಡಿದಿಟ್ಟುಕೊಂಡಿದ್ದು. ಕಂಪನಿಗಳು ಮೇಲ್ಮನವಿ ಹೋದವು. 2022ರಲ್ಲಿ ಕೇಂದ್ರ ಗ್ರಾಹಕ ವ್ಯವಹಾರ ಇಲಾಖೆ ರಿಪೇರಿ ಹಕ್ಕಿನ ಬಗ್ಗೆ ಸಮಿತಿ ಮಾಡಿತು. ಅದು ಗುರುತಿಸಿದ ನಾಲ್ಕು ಕ್ಷೇತ್ರಗಳಲ್ಲಿ ಕೃಷಿ ಯಂತ್ರ ಒಂದು. ಒಂದು ಪೋರ್ಟಲ್ಲೂ ಬಂತು. ಅಮೆರಿಕದ ಕೊಲೊರಾಡೊ ರಾಜ್ಯ 2023ರಲ್ಲಿ ಕೃಷಿ ಯಂತ್ರಕ್ಕೆ ಅಂತಲೇ ರಿಪೇರಿ ಹಕ್ಕಿನ ಕಾನೂನು ಮಾಡಿದೆ. ನಮ್ಮಲ್ಲೂ ಕಂಪನಿ ಮಾರಿದರೆ ಸ್ಪೇರ್ ಕೊಡುವ ಹೊಣೆಯೂ ಕೊಂಡವರಿಗೆ ಹೋಗಬೇಕು, ಇಷ್ಟು ವರ್ಷ ಅಂತ ಬರಹದಲ್ಲಿ ಇರಬೇಕು. ಇದನ್ನು ಶಾಸಕರ ಹತ್ತಿರ, ಸಂಸದರ ಹತ್ತಿರ ಕೇಳಬೇಕು. ಅಡಿಕೆ ಆಮದಿನ ಬಗ್ಗೆ ಕೇಳುವ ಹಾಗೆಯೇ ಇದನ್ನೂ ಗಟ್ಟಿಯಾಗಿ ಕೇಳಬೇಕು.

ಪ್ರಶ್ನೆಗಳು ಬಂದವು. ಆನ್‌ಲೈನ್‌ನಲ್ಲಿ ಎಲ್ಲಾ ಸಿಗುತ್ತಲ್ಲಾ ಅಂತ ಒಬ್ಬರು ಕೇಳಿದರು. ಸಿಗುತ್ತದೆ, ನಾನೂ ತರಿಸುತ್ತೇನೆ. ಆದರೆ ಕಾರ್ಬೊರೇಟರ್ ಡಯಾಫ್ರಮ್ ಫೋಟೋದಲ್ಲಿ ಎಲ್ಲವೂ ಒಂದೇ ಥರ ಕಾಣುತ್ತದೆ. ತೂತು ಅರ್ಧ ಮಿಲಿಮೀಟರ್ ಆಚೀಚೆ ಇದ್ದರೆ ಇಂಜಿನ್ ಸ್ಟಾರ್ಟ್ ಆಗುವುದಿಲ್ಲ. ಕೌಂಟರಿಗೆ ಹಳೇ ಪೀಸು ತಂದರೆ ಪಕ್ಕದಲ್ಲಿಟ್ಟು ನೋಡಿ ಕೊಡುತ್ತೇವೆ. ವಾಪಸ್ ಕಳಿಸಿ ಇನ್ನೊಂದು ಬರುವಷ್ಟರಲ್ಲಿ ಮಳೆಯ ಬಿಡುವು ಮುಗಿದಿರುತ್ತದೆ.

ಲೋಕಲ್ ಸ್ಪೇರ್ ಹಾಕಬಹುದಾ ಅಂತ ಒಬ್ಬ ಮೆಕ್ಯಾನಿಕ್ ಕೇಳಿದರು. ಎಲ್ಲದಕ್ಕೂ ಬೇಡ ಅನ್ನುವುದು ತಪ್ಪು. ಹ್ಯಾಂಡಲ್, ಬೆಲ್ಟಿನ ಕವರ್, ಸ್ಟಾರ್ಟರ್ ಹಗ್ಗ, ಧಾರಾಳವಾಗಿ ಹಾಕಿ. ಪಿಸ್ಟನ್ ರಿಂಗು, ಕ್ಲಚ್ಚು, ತಿರುಗುವ ಬ್ಲೇಡು ಹಿಡಿಯುವ ನಟ್ಟು, ಇವುಗಳಲ್ಲಿ ಉಳಿತಾಯ ನೋಡಬೇಡಿ. ಆ ನಟ್ಟು ಸಡಿಲವಾದರೆ ಹೋಗುವುದು ಕಾಲು.

ಕೊನೆಗೆ ಒಬ್ಬ ಹಿರಿಯ ಬೆಳೆಗಾರರು ಕೇಳಿದ್ದು ನನಗೆ ಬೇಕಾಗಿದ್ದ ಪ್ರಶ್ನೆ. ನಮ್ಮ ಸೊಸೈಟಿಯಲ್ಲಿ ಗೊಬ್ಬರ ಸಿಗುತ್ತೆ, ಮೈಲುತುತ್ತ ಸಿಗುತ್ತೆ, ಪಂಪಿನ ವಾಷರ್ ಯಾಕೆ ಸಿಗಬಾರದು? ಸಿಗಬೇಕು. ಮ್ಯಾಮ್ಕೋಸ್ 1939ರದ್ದು. ಅಡಿಕೆಯ ಬೆಲೆ ಒಬ್ಬೊಬ್ಬರೇ ಹೋದರೆ ಸಿಗುವುದಿಲ್ಲ ಅಂತ ನಮ್ಮ ಹಿರಿಯರಿಗೆ ಆಗಲೇ ಅರ್ಥವಾಗಿತ್ತು. ಕೂರುವ ಮಾಲಿನ ಭಾರ ನನ್ನಂಥ ಒಂದು ಅಂಗಡಿಗೆ ಜಾಸ್ತಿ. ಸಾವಿರ ಸದಸ್ಯರ ಸೊಸೈಟಿಗೆ ಅದು ತಲೆಗೆ ಕೆಲವೇ ರೂಪಾಯಿ. ಎಲ್ಲ ಕಂಪನಿಯ ಎಲ್ಲ ಸ್ಪೇರ್ ಇಡುವುದು ಬೇಡ. ಯಾವ ಊರಿನಲ್ಲಿ ಯಾವ ಮಾಡೆಲ್ ಎಷ್ಟಿದೆ ಅಂತ ಸದಸ್ಯರನ್ನೇ ಕೇಳಿ ಬರೆದುಕೊಂಡರೆ, ಮಳೆಗಾಲದಲ್ಲಿ ಕೈಕೊಡುವ ಭಾಗ ಯಾವುದು ಅಂತ ಇಲ್ಲಿರುವ ಮೆಕ್ಯಾನಿಕ್‌ಗಳೇ ಹೇಳುತ್ತಾರೆ. ಆ ಪಟ್ಟಿಗೆ ಪಾರ್ಟ್ ನಂಬರ್, ಹಳೇದು ಹೊಸದು ಎರಡೂ, ನಾನು ಹಾಕಿಕೊಡುತ್ತೇನೆ. ದುಡ್ಡು ಬೇಡ. ಏಪ್ರಿಲ್ ಒಳಗೆ ಪಟ್ಟಿ ಆದರೆ ಮೇ ತಿಂಗಳಲ್ಲಿ ಮಾಲು ತರಿಸಬಹುದು, ಮೊದಲ ಬೋರ್ಡೋ ಹೊಡೆಯುವ ಮುಂಚೆ ಸೊಸೈಟಿಯ ಶೆಲ್ಫಿನಲ್ಲಿರುತ್ತದೆ. ಯಾವ ಸೊಸೈಟಿಯವರು ಮೊದಲು ಶುರು ಮಾಡುತ್ತೀರಿ, ಚಹಾಕ್ಕೆ ಏಳುವ ಮುಂಚೆ ಹೆಸರು ಕೊಡಿ ಅಂತ ಕೇಳಿದೆ. ಇಬ್ಬರು ಕಾರ್ಯದರ್ಶಿಗಳು ಕೈ ಎತ್ತಿದರು.